ಬಿಲ್ಲಿಗೆ ಪೊರೆ ಹಚ್ಚಿದ್ದು ಯಾರು?

ಹಾವಿನ ಪೊರೆಯ ಜೊತೆ ಸಂಸಾರ ಮಾಡಿದವರ ಮನೆಯಲ್ಲಿ ನಗುವಂಥ ಸಂಗತಿಗಳಿಗೆ ಬರವಿರುವುದಿಲ್ಲ. ನಗಲು ಪುರುಸೊತ್ತು ಸಿಗುವುದು ಮಾತ್ರ ಬಹಳ ತಡವಾಗಿ. ನನಗೆ ಈಗ, ಹಲ್ಲು ಉದುರಿದ ಮೇಲೆ ಸಿಕ್ಕಿದೆ.

ನಾನು ಹುಟ್ಟಿದ್ದು ಹೆಗ್ಗಡದೇವನಕೋಟೆಯ ಕಡೆ. ಅಪ್ಪ ಕಬಿನಿ ಅಣೆಕಟ್ಟಿಗೆ ಕಲ್ಲು ಒಡೆಯುತ್ತಿದ್ದವನು, ಅಲ್ಲಿ ಕೆಲಸ ಮುಗಿಯಿತೆಂದು ನಾರಾಯಣಪುರದ ಅಣೆಕಟ್ಟಿಗೆ ನಮ್ಮನ್ನೆಲ್ಲ ಕಟ್ಟಿಕೊಂಡು ಬಂದ. ಇಲ್ಲಿಯದೂ ಮುಗಿದಾಗ ಸುರಪುರದಲ್ಲಿ ಬಿಲ್ಲು ಮಾಡುವ ಮನೆಯೊಂದಕ್ಕೆ ನನ್ನನ್ನು ಕೊಟ್ಟು, ಉಳಿದವರನ್ನು ಕಟ್ಟಿಕೊಂಡು ಊರಿಗೆ ವಾಪಸು ಹೋದ. ಅಣೆಕಟ್ಟಿನಲ್ಲಿ ಅವನು ಇಟ್ಟ ಕಲ್ಲು ಹೇಗೆ ಅಲ್ಲೇ ಇದೆಯೋ, ನಾನೂ ಹಾಗೇ ಇದ್ದೇನೆ.

ನಮ್ಮ ಮನೆಯ ಬಿಲ್ಲುಗಳು ಪೂಜೆಗೆ ಇಡುವವರಿಗೆ, ದೊಡ್ಡಾಟ ಆಡುವವರಿಗೆ, ಗೋಡೆಗೆ ನೇತುಹಾಕುವವರಿಗೆ ಹೋಗುತ್ತವೆ. ಕಟ್ಟಿಗೆ ಕೆತ್ತಿ, ಬೆಂಕಿಗೆ ಹಿಡಿದು ಬಾಗಿಸುವವರು ನಮ್ಮ ಯಜಮಾನರು. ಬಿಲ್ಲಿನ ಬೆನ್ನಿಗೆ, ಅಂದರೆ ಗುರಿಯ ಕಡೆ ಮುಖ ಮಾಡುವ ಬದಿಗೆ, ಹಾವಿನ ಪೊರೆ ಅಂಟಿಸುವವಳು ನಾನು. ನನಗಿಂತ ಮೊದಲು ನಮ್ಮ ಅತ್ತೆ ಅಂಟಿಸುತ್ತಿದ್ದರು. ಹಿಂದಿನ ಕಾಲದಲ್ಲಿ ಹಾವಿನ ತೊಗಲನ್ನೇ ಹಚ್ಚುತ್ತಿದ್ದರಂತೆ. ಈಗ ಅದು ಅಪರಾಧ. ನಮ್ಮದು ಹಾವು ತಾನಾಗಿ ಬಿಟ್ಟುಹೋದ ಪೊರೆ, ಇಲ್ಲಿಯವರ ಬಾಯಲ್ಲಿ ಪರಿ. ಅದನ್ನು ನೀರಿನಲ್ಲಿ ನೆನೆಸಿ, ಉದ್ದಕ್ಕೆ ಕತ್ತರಿಸಿ ಬಿಡಿಸಿ, ಕಟ್ಟಿಗೆಗೆ ಸರೇಸು ಸವರಿ, ನಡುವಿನಿಂದ ತುದಿಗಳ ಕಡೆಗೆ ಬೆರಳಿನಿಂದ ಒತ್ತುತ್ತ ಹೋಗಬೇಕು. ಸರೇಸು ಎಂದರೆ ತೊಗಲು, ಎಲುಬು ಕುದಿಸಿ ಮಾಡಿದ ಬಡಗಿಗಳ ಅಂಟು. ಅದರ ವಾಸನೆಯ ಸುದ್ದಿ ಬೇಡ. ಒಳಗೆ ಗಾಳಿ ನಿಂತರೆ ಗುಳ್ಳೆ ಏಳುತ್ತದೆ. ಹೊರಗೆ ಗಾಳಿ ಬೀಸಿದರೆ ಪೊರೆ ಹಾರಿ ಸೀರೆಗೋ ಕೂದಲಿಗೋ ಮೆತ್ತಿಕೊಳ್ಳುತ್ತದೆ. ಬಿಸಿಲಿಗೆ ಕಟ್ಟಿಗೆ ಸೀಳದಂತೆ ಪೊರೆ ಕಾಯುತ್ತದೆ ಎನ್ನುವುದು ನಮ್ಮವರ ನಂಬಿಕೆ. ನೋಡಲು ಚೆಂದ ಎನ್ನುವುದು ನನ್ನ ನಂಬಿಕೆ.

ಆದರೆ ಬಿಲ್ಲು ಕೊಂಡವರೆಲ್ಲ ಮೊದಲು ಕೈಯಾಡಿಸುವುದು ಬೆನ್ನಿನ ಮೇಲೆ, ಹೊಗಳುವುದು ಯಜಮಾನರನ್ನು. ಅವರು ಒಂದು ದಿನವೂ "ಅದು ನನ್ನ ಕೆಲಸ ಅಲ್ಲ" ಎಂದವರಲ್ಲ. ನಾಲ್ಕು ಜನರ ಎದುರು ಅವರ ಬಾಯಿಂದ "ಬೆನ್ನಿನ ಕೆಲಸ ನಮ್ಮಾಕಿದು" ಎಂಬ ಒಂದು ಮಾತು ಕೇಳಬೇಕು ಎನ್ನುವುದೇ ಇಷ್ಟು ವರ್ಷ ನನಗಿದ್ದ ಆಸೆ. ಅದಕ್ಕಾಗಿ ಕಾಯುತ್ತ ಕೂತಿದ್ದಾಗ ನಡೆದವು ಇವು.

ಪೆಟ್ಟಿಗೆಯಲ್ಲಿದ್ದ ನನ್ನ ಪಾಲು

ಮದುವೆಯಾಗಿ ಬಂದ ಹೊಸತು. ಅತ್ತೆ ಒಂದು ತಗಡಿನ ಪೆಟ್ಟಿಗೆ ತೋರಿಸಿ, "ಇದರಾಗ ನಿನ್ನ ಪಾಲಿಂದು ಅದ. ತಗದು ನೋಡು" ಎಂದರು. ನನ್ನ ಎದೆ ಹಿಗ್ಗಿತು. ಇಳಕಲ್ಲ ಸೀರೆಯೇ ಇರಬೇಕು, ಇಲ್ಲವೆಂದರೂ ಕುಬಸದ ಬಟ್ಟೆಯಾದರೂ ಇರಬೇಕು.

ಮುಚ್ಚಳ ತೆಗೆದರೆ ಮೇಲೆ ಬೇವಿನ ಸೊಪ್ಪು. ಸೊಪ್ಪು ಸರಿಸಿದರೆ ಮಡಿಕೆ ಮಡಿಕೆಯಾಗಿ ಏನೋ ಬೆಳ್ಳಗಿನದು. ಜರಿ ಸೀರೆಯೆಂದು ಎಳೆದೆ. ಅದು ಬಿಚ್ಚಿಕೊಂಡು ನನ್ನ ಮುಂಗೈಗೆ ಸುತ್ತಿಕೊಂಡಿತು. ತುದಿಯಲ್ಲಿ ಕಣ್ಣಿದ್ದ ಜಾಗವೂ ಇತ್ತು.

"ಅಯ್ಯೋ, ಹಾವು ಕಣತ್ತೇ!" ಎಂದು ಕಿರುಚಿದೆ.

ಓಣಿಯ ಹೆಂಗಸರು ಬಡಿಗೆ ಹಿಡಿದು ಓಡಿಬಂದರು. ಪೊರೆ ನೋಡಿ ಬಡಿಗೆ ಕೆಳಗಿಟ್ಟರು. ಅವರು ಬಿದ್ದು ಬಿದ್ದು ನಕ್ಕಿದ್ದು ಪೊರೆಗಲ್ಲ, ನನ್ನ "ಕಣತ್ತೇ"ಗೆ. ಮುಂದೆ ಬಹಳ ದಿನ ನನ್ನನ್ನು ಓಣಿಯಲ್ಲಿ ಕರೆಯುತ್ತಿದ್ದುದೇ ಹಾಗೆ.

ಅತ್ತೆ ಮಾತ್ರ ನಗಲಿಲ್ಲ. "ಹಾವು ಎಲ್ಲದ? ಅವು ಹೋಗ್ಯಾವ. ಅಂಗಿ ಬಿಟ್ಟು ಹೋಗ್ಯಾವ. ಮಡಚಿ ಇಡು. ನಾಳಿಂದ ಇದನ್ನ ಹಚ್ಚಾಕ ಕಲೀಬೇಕು" ಎಂದರು.

"ಸೀರೆ ಇದೆ ಅಂದುಕೊಂಡಿದ್ದೆ ಅತ್ತೆ."

"ಸೀರಿನೂ ಕೊಡ್ತೀನಿ. ಗಡಿಬಿಡಿ ಯಾಕ? ನಾ ಬಿಟ್ಟ ಮ್ಯಾಲ ನಿನಗಽ ಅಲ್ಲೇನು?"

ಕೊಟ್ಟ ಮಾತಿಗೆ ತಪ್ಪಿದವರಲ್ಲ ನಮ್ಮ ಅತ್ತೆ. ಅವರು ಬಿಟ್ಟ ಸೀರೆಗಳನ್ನೇ ನಾನು ಬಹಳ ವರ್ಷ ಉಟ್ಟೆ.

ಸಗರದ ಕಡೆ ಬಾಣ ಬೇಡ

ಪೊರೆ ತಂದುಕೊಡುವವರು ಸುತ್ತಮುತ್ತಲಿನ ರೈತರು. ಒಡ್ಡಿನ ಕಲ್ಲುಸಂದಿಯಲ್ಲಿ, ಹತ್ತಿ ಕಟ್ಟಿಗೆಯ ಬಣವೆಯ ಬುಡದಲ್ಲಿ ಸಿಕ್ಕಿದ್ದನ್ನು ತರುತ್ತಾರೆ. ಒಮ್ಮೆ ಸಗರದ ರೈತನೊಬ್ಬ ಒಂದು ಪೊರೆಯನ್ನು ಟವೆಲಿನಲ್ಲಿ ಹಸುಗೂಸಿನಂತೆ ಸುತ್ತಿಕೊಂಡು ಬಂದ. ಎಲ್ಲೂ ಹರಿಯದ, ಮೂತಿಯಿಂದ ಬಾಲದವರೆಗೆ ಇಡಿಯಾಗಿದ್ದ ಪೊರೆ. ಅಂಥದ್ದು ಅಪರೂಪ. ನೋಡಿ ನನ್ನ ಬೆರಳು ತುರಿಸಿದವು.

"ಇದು ನಮ್ಮ ಹೊಲದ ಹಾವಿಂದು ರೀ ಕಾಕಾ. ನಮ್ಮಪ್ಪನ ಕಾಲದಿಂದ ಅದ. ಮನಿ ಮಂದಿ ಇದ್ದಾಂಗ" ಎಂದ ಅವನು. "ರೊಕ್ಕ ಬ್ಯಾಡ. ಒಂದಽ ವಚನ ಕೊಡ್ರಿ. ಈ ಪರಿ ಹಚ್ಚಿದ ಬಿಲ್ಲಿನಿಂದ ಸಗರದ ಕಡಿ ಬಾಣ ಬಿಡಬಾರ್ದು. ಹಾವು ತನ್ನ ಮ್ಯಾಲ ತಾನಽ ಬಿಟ್ಕೊಂಡಾಂಗ ಆಗ್ತದ."

ಯಜಮಾನರು ಅವನ ಕೈಮೇಲೆ ಕೈಯಿಟ್ಟು ವಚನ ಕೊಟ್ಟರು. ಪೊರೆ ನಾನು ಹಚ್ಚಿದೆ. ನನ್ನ ಕೈಯಿಂದ ಅಷ್ಟು ಚೆಂದದ ಬೆನ್ನು ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಅದನ್ನು ಕೊಳ್ಳಲು ಬಂದವನು ಯಾರು? ಸಗರದ ದೊಡ್ಡಾಟದಲ್ಲಿ ವೀರನ ಪಾತ್ರ ಮಾಡುವವನು.

ಯಜಮಾನರು ವಚನದ ಸಂಗತಿ ಹೇಳಿದರು. ಅವನು ತಲೆ ಕೆರೆದುಕೊಂಡು, "ನಮ್ಮೂರಾಗ ಆಟ ಆಡಿ ನಮ್ಮೂರ ಕಡಿ ಬಾಣ ಬಿಡಬಾರ್ದು ಅಂದ್ರ ಹ್ಯಾಂಗರಿ ಕಾಕಾ?" ಎಂದ.

"ರಂಗ ಊರ ಹೊರಗ ಹಾಕ್ತೀರಿಲ್ಲ? ಊರಿಗಿ ಬೆನ್ನು ಮಾಡಿ ನಿಂತು ಬಿಡು" ಎಂದರು ಇವರು.

ನನ್ನ ಕೆಲಸವನ್ನು ಜನ ನೋಡುವುದನ್ನು ನೋಡಬೇಕೆಂದು ನಾನೂ ಆಟಕ್ಕೆ ಹೋದೆ. ಜನ ಕೂತಿದ್ದು ಊರಿನ ಬದಿಗೇ ಆದ್ದರಿಂದ ವೀರ ಒಂದು ಸಲವೂ ಜನರ ಕಡೆ ತಿರುಗಲಿಲ್ಲ. ನಮಗೆಲ್ಲ ಕಂಡಿದ್ದು ಅವನ ಬೆನ್ನು ಮತ್ತು ಕಚ್ಚೆ ಹಾಕಿದ ಧೋತರ. ಎದುರಿಗೆ ಪರದೆಗೆ ಅಂಟಿಕೊಂಡು ನಿಂತಿದ್ದ ರಾಕ್ಷಸ ಅಲ್ಲೇ ಆರ್ಭಟಿಸಿ ಅಲ್ಲೇ ಸತ್ತ. ಬಿಲ್ಲಿನ ಬೆನ್ನು ಯಾವಾಗಲೂ ಗುರಿಯ ಕಡೆ ಇರುವುದು ತಾನೆ? ಹಾಗಾಗಿ ನಾನು ಹಚ್ಚಿದ ಪೊರೆಯನ್ನು ಇಡೀ ಆಟದಲ್ಲಿ ಕಣ್ತುಂಬ ನೋಡಿದವನು ಆ ರಾಕ್ಷಸ ಒಬ್ಬನೇ.

ಮುಟ್ಟಬಾರದ ಬಿಲ್ಲು

ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಪೊರೆ ಹಚ್ಚಿ ಒಣಗುವ ತನಕ ಬಿಲ್ಲು ನನ್ನ ತೊಡೆಯ ಮೇಲೆ ಮಗುವಿನಂತೆ ಬಿದ್ದಿರುತ್ತದೆ. ಅರಿಶಿನದ ದಾರ ಕಟ್ಟಿ ದೇವರ ಮುಂದೆ ಇಟ್ಟರೋ, ಅಲ್ಲಿಂದ ಮುಂದೆ ಹೆಂಗಸರು ಅದನ್ನು ಮುಟ್ಟಬಾರದು. ನನ್ನ ಕೂದಲು ಒಂದೆರಡು ಆ ಸರೇಸಿನೊಳಗೇ ಇರುತ್ತವೆ. ಅವು ಮುಟ್ಟಿದರೆ ನಡೆಯುತ್ತದೆ, ನಾನು ಮುಟ್ಟಿದರೆ ನಡೆಯುವುದಿಲ್ಲ.

ಒಂದು ವರ್ಷ ಆಯುಧ ಪೂಜೆಯ ದಿನವೇ ಊರಿನ ದೊಡ್ಡ ಮನೆಯವರೊಬ್ಬರು ಓಡಿಬಂದರು. ದಾರ ಕಟ್ಟಿದ ಬಿಲ್ಲಿನ ಪೊರೆ ಒಂದು ಮೂಲೆಯಲ್ಲಿ ಎದ್ದಿತ್ತು. ಪೂಜೆಗೆ ಹೊತ್ತಾಗುತ್ತಿತ್ತು.

"ಕೊಡಿ, ಒತ್ತಿಕೊಡ್ತೀನಿ" ಎಂದು ಕೈಚಾಚಿದೆ.

"ಏ ಏ, ಮುಟ್ಟಬ್ಯಾಡ!" ಎಂದು ಬಂದವರು, ಯಜಮಾನರು ಇಬ್ಬರೂ ಒಟ್ಟಿಗೆ ಕೂಗಿದರು.

ಕೊನೆಗೆ ಆದ ಏರ್ಪಾಡು ಹೀಗೆ: ನಾನು ಹೊಸ್ತಿಲ ಹೊರಗೆ ಜೋಳದ ದಂಟು ಹಿಡಿದು ಕೂರುವುದು, ಎಲ್ಲಿ ಒತ್ತಬೇಕೆಂದು ದಂಟಿನಿಂದ ತೋರಿಸುವುದು, ಯಜಮಾನರು ಒತ್ತುವುದು. ಸರೇಸು ಕಾಯಿಸಲು ಹೊತ್ತಿಲ್ಲವೆಂದು ಅವರು ಅಂಗಡಿಯಿಂದ ಸಣ್ಣ ಟ್ಯೂಬಿನ ಅಂಟು ತರಿಸಿದರು. ಹಚ್ಚಿದ ಕೂಡಲೇ ಹಿಡಿಯುತ್ತದಲ್ಲ, ಅದು.

"ಅದು ಬೇಡ, ಬೆರಳು ಹಿಡ್ಕೊಳ್ತದ" ಎಂದೆ.

"ನೀ ದಂಟು ತೋರಸು, ಸಾಕು" ಎಂದರು.

ತೋರಿಸಿದೆ. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರು. ಪೊರೆ ಕೂತಿತು. ಹೆಬ್ಬೆರಳೂ ಕೂತಿತು. ಎಳೆದರೆ ಪೊರೆ ಏಳುತ್ತದೆ, ಎಳೆಯದಿದ್ದರೆ ಬೆರಳು ಬರುವುದಿಲ್ಲ. ಅಷ್ಟರಲ್ಲಿ ದೊಡ್ಡ ಮನೆಯಿಂದ ಮತ್ತೊಬ್ಬ ಬಂದು "ಮುಹೂರ್ತ ಮೀರಾಕತ್ತದ, ಬರ್ರಿ" ಎಂದ. ಬಿಲ್ಲಿನ ಸಮೇತ ಯಜಮಾನರನ್ನು ಕರೆದುಕೊಂಡು ಹೋದರು. ದೇವರ ಮನೆಯಲ್ಲಿ ಕೂರಿಸಿ, ಬಿಲ್ಲಿಗೆ ಕುಂಕುಮ ಹಚ್ಚುವಾಗ ಇವರಿಗೂ ಹಚ್ಚಿದರಂತೆ, ಕಾಯಿ ಒಡೆದು ಆರತಿಯನ್ನೂ ಎತ್ತಿದರಂತೆ.

ನಾನು ಹೊಸ್ತಿಲಿನ ಹೊರಗೇ ಕೂತಿದ್ದೆ. ಬಿಲ್ಲನ್ನು ಮುಟ್ಟಲಿಲ್ಲ. ರೂಢಿ ಉಳಿಯಿತು.

ಅದೇ ಮಾತು

ಒಂದು ಸಲ ಕಾಡಿನ ಇಲಾಖೆಯವನೆಂದು ಹೇಳಿಕೊಂಡು ಖಾಕಿ ತೊಟ್ಟ ಒಬ್ಬ ಬಂದ.

"ಎಷ್ಟು ಹಾವು ಕೊಂದೀರಿ?"

"ಒಂದೂ ಇಲ್ರೀ ಸಾಹೇಬ್ರ. ಇವೆಲ್ಲ ಬಿಟ್ಟ ಪರಿ" ಎಂದರು ಯಜಮಾನರು.

"ಹಾಂಗಂತ ಹಾವು ಬಂದು ಸಾಕ್ಷಿ ಹೇಳ್ತಾವೇನು? ಪೆಟಗಿ ತಗೀರಿ."

ತೆಗೆದರೆ ನೋಡಲು ಹತ್ತಿರ ಬರಲೊಲ್ಲ. ಕಟ್ಟೆಯ ಮೇಲೆ ಕಾಲು ಎತ್ತಿಕೊಂಡು ಕೂತು, ಅಲ್ಲಿಂದಲೇ ಕತ್ತು ಉದ್ದ ಮಾಡಿದ. ಆಮೇಲೆ ನನ್ನ ಕಡೆ ತಿರುಗಿ, "ಏನವಾ, ನೀನೂ ಈ ಕೆಲಸದಾಗ ಅದಿಯೇನು?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ನನ್ನ ಮುಂದೆ ಬಂದು ನಿಂತರು. "ಇಲ್ರೀ, ಎಲ್ಲಾ ನಾನಽ. ನಮ್ಮಾಕಿಗಿ ಇದರ ಗಂಧ ಗಾಳಿ ಗೊತ್ತಿಲ್ರೀ."

ನನ್ನ ಕಣ್ಣು ತುಂಬಿತು. ನನಗಾಗಿ ಈ ಮನುಷ್ಯ ಜೈಲಿಗೂ ಹೋಗಲು ತಯಾರಾಗಿದ್ದಾರಲ್ಲ ಎಂದುಕೊಂಡೆ. ಬಂದವನಿಗೆ ಅವು ಪೊರೆಗಳೆಂಬುದು ಕೊನೆಗೆ ಖಾತ್ರಿಯಾಯಿತು. ಮನೆಯಲ್ಲಿಟ್ಟರೆ ಒಳ್ಳೆಯದಂತೆ ಎಂದು ಹೇಳಿ, ಕಾಗದದಲ್ಲಿ ಒಂದು ತುಂಡು ಕಟ್ಟಿಸಿಕೊಂಡು ಹೋದ. ಅಂದು ನಾನು ಯಜಮಾನರಿಗೆ ಮಿರ್ಚಿ ಭಜಿ ಕರಿದು, ಸಾಕೆಂದರೂ ಬಿಡದೆ ಬಡಿಸಿದೆ.

ಮರುದಿನ ಶಹಾಪುರದಿಂದ ಗಿರಾಕಿಯೊಬ್ಬ ಬಂದ. ಬಿಲ್ಲಿನ ಬೆನ್ನು ಸವರಿ, "ಭೇಷ್! ಒಂದು ಗುಳ್ಳಿ ಇಲ್ಲ. ಏನ್ ಕೈ ರೀ ನಿಮ್ದು! ಮನಿಯಾಗ ಮತ್ತ ಯಾರರ ಕಲ್ತಾರೇನು?" ಎಂದ. ನಾನು ಬಾಗಿಲ ಹಿಂದೆ ಉಸಿರು ಹಿಡಿದು ನಿಂತೆ.

"ಇಲ್ರೀ, ಎಲ್ಲಾ ನಾನಽ. ನಮ್ಮಾಕಿಗಿ ಇದರ ಗಂಧ ಗಾಳಿ ಗೊತ್ತಿಲ್ರೀ."

ತಿಂದ ಭಜಿಯನ್ನು ವಾಪಸು ಕೇಳುವ ಪದ್ಧತಿ ಇದ್ದಿದ್ದರೆ ಅಂದು ಕೇಳುತ್ತಿದ್ದೆ.

ಪಂಚಮಿಯ ಹಾಲು

ಪಂಚಮಿ ಈ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಬಂದು ತವರಿಗೆ ಕರೆದುಕೊಂಡು ಹೋಗುತ್ತಾರೆ. ನನ್ನ ಅಣ್ಣ ಕರೆಯಲು ಬಂದಿದ್ದು ಒಂದೇ ಸಲ. ರೈಲು ಬದಲಿಸಿ ಬದಲಿಸಿ ಯಾದಗಿರಿಯಲ್ಲಿ ಇಳಿಯುವಷ್ಟರಲ್ಲಿ ಹಬ್ಬ ಮುಗಿದಿತ್ತು. ಉಳಿದಿದ್ದ ಉಂಡಿ ತಿಂದು, ನೀರು ಉಪ್ಪು ಎಂದು ಹೇಳಿ ಹೋದ.

ದೇವಾಪುರದ ರೈತನೊಬ್ಬ ನಮ್ಮಲ್ಲಿ ಬಿಲ್ಲು ಮಾಡಿಸಿಕೊಂಡು ಹೋಗಿ ದೇವರ ಮನೆಯಲ್ಲಿ ಇಟ್ಟಿದ್ದ. ಪಂಚಮಿಗೆ ಅವನ ಮನೆಯ ಹೆಂಗಸರು ಯೋಚಿಸಿದರು: ನಾಗಪ್ಪನ ಮೈಮೇಲಿನದು ಮನೆಯಲ್ಲೇ ಇರುವಾಗ ಕೆಸರು ತುಳಿದು ಹುತ್ತಕ್ಕೆ ಯಾಕೆ ಹೋಗಬೇಕು? ಮುಟ್ಟಬಾರದು ಸರಿ, ಹಾಲೆರೆಯಬಾರದು ಎಂದು ಯಾರೂ ಹೇಳಿಲ್ಲವಲ್ಲ. ಬಿಲ್ಲನ್ನು ಗಂಡಸರ ಕೈಯಿಂದ ಅಗಲ ತಟ್ಟೆಯಂಥ ಪರಾತದಲ್ಲಿ ಇಡಿಸಿ, ಮನೆಯವರು, ನೆರೆಯವರು, ತವರಿಗೆ ಬಂದ ಹೆಣ್ಣುಮಕ್ಕಳು ಎಲ್ಲರೂ ಸೇರಿ ತಂಬಿಗೆಗಟ್ಟಲೆ ಹಾಲೆರೆದರು.

ಒಣಗಿದ ಸರೇಸಿಗೆ ನೀರು ತಗುಲಿದರೆ ಅದು ಮತ್ತೆ ಲೋಳೆಯಾಗುತ್ತದೆ. ಹಾಲಿಗೂ ಅಷ್ಟೇ.

ಮರುದಿನ ಆ ರೈತ ಹೆಂಡತಿಯನ್ನು ಕರೆದುಕೊಂಡು, ಕಾಯಿ, ಬೆಲ್ಲ ಹಿಡಿದು ನಮ್ಮ ಮನೆಗೆ ಬಂದ. ಜಗಳಕ್ಕೆ ಬಂದವರು ಕಾಯಿ ತರುವುದಿಲ್ಲವಲ್ಲ ಎಂದು ನನಗೆ ಆಶ್ಚರ್ಯ. ಅವನು ಯಜಮಾನರ ಕಿವಿಯ ಹತ್ತಿರ ಬಾಗಿ, "ಕಾಕಾ, ನಿಮ್ಮ ಬಿಲ್ಲು ಪರಿ ಬಿಟ್ಟದರೀ" ಎಂದ.

"ಏನು?"

"ಹೂಂ ರೀ! ಹಾಲು ಕುಡದು, ಮುಂಜಾನಿ ನೋಡೂದ್ರಾಗ ಪರಿ ಬಿಟ್ಟು ಮಕ್ಕೊಂಡದ. ಬಿಲ್ಲು ಜಾಗೃತ ಆಗ್ಯದರೀ."

ಅವನ ಹೆಂಡತಿ, "ಮೈನೂ ಬೆಳದದರೀ. ಇವ್ರ ಕಡಿಂದ ಗೇಣು ಹಾಕಿಸಿ ನೋಡೀನಿ. ಮದ್ಲಿಗಿಂತ ಉದ್ದ ಬರ್ತದ" ಎಂದಳು.

"ಹಂಗಲ್ಲಮ್ಮ, ಹಾಲು ಬಿದ್ರ ಸರೇಸು..." ಎಂದು ನಾನು ಬಾಯಿ ತೆರೆದೆ. ಯಜಮಾನರ ಮೊಣಕೈ ನನ್ನ ಪಕ್ಕೆಗೆ ಬಂತು. ಅವರು ಕಣ್ಣು ಮುಚ್ಚಿ, "ನನ್ನ ಕೈಯಾಗ ಹಾಂಗ ಆಗ್ತಿರ್ತದ" ಎಂದರು.

ನಾನು ಮತ್ತೆ ಹಚ್ಚಿಕೊಡುತ್ತೇನೆ ಎಂದೆ. ಬೇಡವೆಂದರು. ಹೊಸ ಪರಿ ತಾನಾಗಿಯೇ ಬರುತ್ತದಂತೆ. ಅವರು ಇವತ್ತಿಗೂ ಕಾಯುತ್ತಿದ್ದಾರೆ. ನಗಬೇಕೆಂದುಕೊಂಡೆ. ಯಜಮಾನರ ಬಾಯಿಂದ ಒಂದು ಮಾತು ಬರಲೆಂದು ಕಾಯುತ್ತಿದ್ದ ನಾನು ಅವರನ್ನು ನೋಡಿ ಯಾವ ಬಾಯಲ್ಲಿ ನಗಲಿ?

ಯಾದಗಿರಿಯ ವೇದಿಕೆ

ಹೋದ ಬೇಸಿಗೆಯಲ್ಲಿ ಯಾದಗಿರಿಯಲ್ಲಿ ಹಳೆಯ ಕಸುಬುದಾರರಿಗೆ ಸನ್ಮಾನ ಇಟ್ಟಿದ್ದರು. ನಮ್ಮ ಯಜಮಾನರಿಗೂ ಕರೆ ಬಂತು. ಮೇಜಿನ ಮೇಲೆ ಪ್ರದರ್ಶನಕ್ಕೆ ಇಡಲು ಒಂದು ಬಿಲ್ಲು, ನೀರಿನ ಡಬ್ಬಿಯಲ್ಲಿ ನೆನೆಸಿದ ಒಂದು ಪೊರೆ, ಚಹಾದ ಫ್ಲಾಸ್ಕಿನಲ್ಲಿ ಬಿಸಿ ಸರೇಸು ತುಂಬಿಕೊಂಡು ಬಸ್ಸು ಹತ್ತಿದೆವು. ದಾರಿಯಲ್ಲಿ ನಾನೇ ಬಾಯಿಬಿಟ್ಟು ಕೇಳಿದೆ.

"ಏನ್ರೀ, ಇವತ್ತರ ಹೇಳ್ತೀರೋ ಇಲ್ಲೋ?"

"ಏನು?"

"ಬೆನ್ನಿನ ಕೆಲಸ ಯಾರದು ಅಂತ."

ಅವರು ಕಿಟಕಿಯ ಹೊರಗೆ ನೋಡುತ್ತ, "ಹೇಳ್ತೀನಿ ತಗೋ. ಮೈಕಿನ್ಯಾಗಽ ಹೇಳ್ತೀನಿ" ಎಂದರು.

ಪೆಂಡಾಲಿನಲ್ಲಿ ಮೂರನೇ ಸಾಲಿನಲ್ಲಿ ಕೂತೆ. ಯಾದಗಿರಿಯ ಬಿಸಿಲಿಗೆ ತಗಡು ಕಾದು, ಮೇಲಿನಿಂದ ರೊಟ್ಟಿ ಸುಡುವ ಹಂಚು ಕವುಚಿದಂತಿತ್ತು. ವೇದಿಕೆಯ ಮೇಲೆ ಬಿಳಿ ಅಂಗಿಯ ಮುಖ್ಯ ಅತಿಥಿ, ಅವರ ಪಕ್ಕಕ್ಕೆ ಆಳೆತ್ತರದ ಫ್ಯಾನು. ಯಜಮಾನರಿಗೆ ಶಾಲು ಹೊದಿಸಿ ಮೈಕು ಕೊಟ್ಟರು.

ಅವರು ತಮ್ಮ ಅಪ್ಪನನ್ನು ನೆನೆದರು, ಅಜ್ಜನನ್ನು ನೆನೆದರು. ಕಟ್ಟಿಗೆ ಕೊಟ್ಟ ಮರಗಳನ್ನು ನೆನೆದರು. ಪೊರೆ ತಂದುಕೊಟ್ಟ ರೈತರನ್ನು ನೆನೆದರು. "ಪರಿ ಬಿಟ್ಟು ಹೋದ ಹಾವುಗಳಿಗೂ ನನ್ನ ಶರಣು" ಎಂದರು. ಹಾವಿನವರೆಗೆ ಬಂತು, ಇನ್ನು ನನ್ನ ಪಾಳಿ ಎಂದು ಸೆರಗು ಸರಿಮಾಡಿಕೊಂಡೆ.

ಅವರು ಕೂತುಬಿಟ್ಟರು. ಚಪ್ಪಾಳೆ.

ಚಪ್ಪಾಳೆ ನಿಲ್ಲುವ ಮೊದಲೇ ಮುಖ್ಯ ಅತಿಥಿಗಳಿಗೆ ಉಮೇದಿ ಬಂತು. "ಯಜಮಾನ್ರ, ಈ ಪರಿ ಹ್ಯಾಂಗ ಹಚ್ತೀರಿ? ಒಮ್ಮಿ ಹಚ್ಚಿ ತೋರಸ್ರಲ್ಲ. ಮಂದಿ ನೋಡ್ಲಿ."

ಯಜಮಾನರ ಮುಖ ಬೆಳ್ಳಗಾಯಿತು. ಇಡೀ ಜನ್ಮದಲ್ಲಿ ಒಂದು ಪೊರೆಯನ್ನೂ ಹಚ್ಚದ ಮನುಷ್ಯ. ಆದರೆ ಇಲ್ಲವೆನ್ನುವುದು ಹೇಗೆ? ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಫ್ಲಾಸ್ಕು. ಸರೇಸನ್ನು ಕಟ್ಟಿಗೆಗೆ ಸವರಬೇಕಾದವರು ಪೊರೆಗೇ ಸುರಿದರು. ಎರಡೂ ಬದಿಗೆ ಮೆತ್ತಿ, ಬಾಲ ಹಿಡಿದು ಎತ್ತಿ ಜನರಿಗೆ ತೋರಿಸಿದರು. ಪಕ್ಕದಲ್ಲೇ ಫ್ಯಾನು ತಿರುಗುತ್ತಿತ್ತು.

ನಾನು ಕೂತಲ್ಲಿಂದಲೇ ಬೆರಳನ್ನು ಗಿರಗಿರ ತಿರುಗಿಸಿ, ಕೈಯಾಡಿಸಿ, ಫ್ಯಾನು ಬಂದ್ ಮಾಡಿಸಿ ಎಂದು ಸನ್ನೆ ಮಾಡಿದೆ. ಅವರು ನೋಡಿದರು. ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು. ಮೈಕಿನಲ್ಲಿ ಹೇಳಿದರು:

"ಏ ಪೆಂಡಾಲಿನವ್ರ, ನಮ್ಮಾಕಿಗಿ ಸೆಕಿ ಆಗಾಕತ್ತದ. ಫ್ಯಾನ್ ಜೋರ್ ಮಾಡ್ರಿ."

ಜೋರು ಮಾಡಿದರು.

ಪೊರೆ ಅವರ ಕೈ ಬಿಟ್ಟು ಎದ್ದಿತು. ಗಾಳಿಯಲ್ಲಿ ಒಂದು ಸಲ ಮೈ ತಿರುವಿ, ಮುಖ್ಯ ಅತಿಥಿಗಳ ಎದೆಯ ಮೇಲೆ ಬಿದ್ದು, ಕೊರಳಿನ ತನಕ ಮೆತ್ತಿಕೊಂಡಿತು. ಬಾಲ ಮಾತ್ರ ಬಿಡಿಯಾಗಿದ್ದು, ಅವರ ಗಲ್ಲಕ್ಕೆ ಪಟಪಟ ಬಡಿಯತೊಡಗಿತು.

"ಯವ್ವೋ!" ಎಂದು ಅವರು ಕುರ್ಚಿ ಸಮೇತ ಹಿಂದಕ್ಕೆ ಹೋದರು. ಯಾರೋ "ಹೊಡೀರಿ, ಹೊಡೀರಿ!" ಎಂದು ಕೂಗಿದರು. ಇನ್ಯಾರೋ "ಏ, ಸಾಹೇಬ್ರನ್ನಲ್ಲಲೇ, ಹಾವನ್ನ!" ಎಂದರು. ಹುಡುಗರೆಲ್ಲ ಮೊಬೈಲು ಎತ್ತಿ ಹಿಡಿದರು. ಪಕ್ಕದವರು ಎಳೆದಷ್ಟೂ ಪೊರೆ ಹರಿದು ತುಂಡುತುಂಡಾಗಿ ಅಂಗಿಗೆ, ಮೀಸೆಗೆ ಅಂಟಿತು. ಮುಖ್ಯ ಅತಿಥಿಗಳು ಎದ್ದು ನಿಂತು, ನಡುಗುತ್ತ ಗುಡುಗಿದರು.

"ಯಾರ ಕೆಲಸ ಇದು?"

ಯಜಮಾನರ ಕೈಯಲ್ಲಿ ಮೈಕು ಹಾಗೇ ಇತ್ತು.

"ನಂದಲ್ರೀ ಸಾಹೇಬ್ರ! ಬೆನ್ನಿನ ಕೆಲಸ ನಂದಲ್ಲ. ಅಲ್ಲಿ ಕುಂತಾಳ ನೋಡ್ರಿ ನಮ್ಮಾಕಿ. ಮೊದಲಿಂದ್ಲೂ ಪರಿ ಹಚ್ಚೂದೆಲ್ಲ ಆಕಿದಽ. ನಾ ಬರೇ ಕಟ್ಟಿಗಿ ಅಷ್ಟಽ ರೀ!"

ಎರಡೂ ಮೂಲೆಯ ದೊಡ್ಡ ಸ್ಪೀಕರುಗಳಲ್ಲಿ ಆ ಮಾತು ಬಸ್‌ಸ್ಟ್ಯಾಂಡಿನ ತನಕ ಕೇಳಿಸಿತು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಕ್ಕಿಂತ ಚೆನ್ನಾಗಿಯೇ ಹೇಳಿದರು. "ಬರೇ ಕಟ್ಟಿಗಿ" ಎಂಬುದನ್ನು ನಾನು ಬಯಸಿಯೂ ಇರಲಿಲ್ಲ. ಪೆಂಡಾಲಿನ ಜನವೆಲ್ಲ ನನ್ನ ಕಡೆ ತಿರುಗಿತು. ಏನು ಮಾಡಬೇಕೆಂದು ತಿಳಿಯದೆ ಎದ್ದು ನಿಂತು ಕೈಮುಗಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮುಂದಿನ ಸಾಲಿನವನೊಬ್ಬ ಹೊರಳಿ ನೋಡಿ, "ಏನ್ ಯವ್ವಾ, ಇಂಥಾ ದೊಡ್ಡ ಕಲಾವಿದರ ಕೆಲಸ ಕೆಡಿಸಿಬಿಟ್ಟೆಲ್ಲ!" ಎಂದ.

"ಹೌದಪ್ಪಾ," ಎಂದೆ, "ಲಗ್ನ ಆದಾಗಿಂದ ಇದನ್ನಽ ಕೆಡಿಸಾಕತ್ತೀನಿ."